ಪುಕ್ಕಟೆ ಓದುಗರ ಹಲ್ಲು

ಎಲ್ಲಿಗೆ ಹೊರಟಿರಿ? ಕೂತುಕೊಳ್ಳಿ, ಇದನ್ನು ಕೇಳಲೇಬೇಕು. ನನ್ನ ಮೊಟ್ಟಮೊದಲ ದೆವ್ವದ ಕಾದಂಬರಿ ಅಚ್ಚಿಗೆ ಹೋಗಿತ್ತು. ಅದರ ಜೀವವೇ ಒಂದು ಶಾಪ, ಅದನ್ನು ಕದ್ದದ್ದು ನಮ್ಮ ದೊಡ್ಡಮ್ಮನಿಂದ. ಅವರು ಬಾಯಿ ತೆರೆದರೆ ನಲ್ಲಿ, ಬಸ್ಸು, ಪಕ್ಕದ ಮನೆಯ ಬೆಕ್ಕು, ಯಾವುದಕ್ಕೂ ಉಳಿಗಾಲವಿಲ್ಲ. ಆದರೆ ಹಿಡಿಶಾಪ ಹಾಕಿದ ಉಸಿರಿನಲ್ಲೇ ಪಾರಾಗುವ ದಾರಿಯನ್ನೂ ಹೇಳಿಬಿಡುತ್ತಾರೆ.

"ನಿನ್ನ ಹಲ್ಲು ಉದುರಿಹೋಗ! ತಪ್ಪಾಯ್ತು ಅಂದ್ರೆ ಉಳ್ಕೊಳ್ಳುತ್ತೆ."

ಯಾಕೆ ದೊಡ್ಡಮ್ಮ ಎಂದರೆ, "ದಾರಿ ಹೇಳದೆ ಶಪಿಸೋದು ಶಾಪ ಅಲ್ಲ ಕಣೇ, ಬರೀ ಹೊಟ್ಟೆಕಿಚ್ಚು" ಎನ್ನುತ್ತಾರೆ.

ಹಳೆಯ ಕಥೆಗಳೂ ಹಾಗೇ ತಾನೇ? ಕಲ್ಲಾಗು ಎಂದ ಮುನಿ, ಮತ್ತೆ ಮನುಷ್ಯರಾಗುವುದು ಹೇಗೆಂದು ಹೇಳಿಯೇ ಜಾಗ ಖಾಲಿ ಮಾಡುತ್ತಾನೆ. ಅದಕ್ಕೇ ನನ್ನ ಕೊನೆಯ ಅಧ್ಯಾಯದ ಹೆಸರು 'ವಿಮೋಚನೆ'. ಇಡೀ ಕಾದಂಬರಿ ಬರೆದದ್ದೇ ಆ ಅಧ್ಯಾಯಕ್ಕಾಗಿ.

ನಮ್ಮ ಪ್ರಕಾಶಕರು ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿಯುವವರು. ಹೊಟ್ಟೆಪಾಡಿಗೆ ಮಾತ್ರ ದೆವ್ವ ಮಾರುತ್ತಾರೆ. ಆ ಅಧ್ಯಾಯಕ್ಕೆ ಸರಕ್ಕನೆ ಗೀಟು ಎಳೆದರು.

"ವಿಮೋಚನೆ ಸಿಕ್ಕಿದ ಓದುಗ ಗೊರಕೆ ಹೊಡೀತಾನಮ್ಮ. ಎರಡನೇ ಭಾಗ ಯಾರು ತಗೋತಾರೆ, ನಿಮ್ಮ ದೊಡ್ಡಮ್ಮನಾ?"

ಶಾಪವನ್ನು ಮಾತ್ರ ಎತ್ತಿ, ಪ್ರತಿ ಪುಟದ ಅಡಿಯಲ್ಲೂ ದಪ್ಪ ಅಕ್ಷರದಲ್ಲಿ ಹಾಕಿಸಿದರು: 'ಕೊಳ್ಳದೆ ಓದಿದವರ ಹಲ್ಲು ಉದುರಲಿ.' ಎರವಲು ತಂದು ಓದುವವರ ಮೇಲೆ ಅವರಿಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಕರಡು ತಿದ್ದುವ ಮೇಷ್ಟ್ರು ಮೂರನೇ ಪುಟಕ್ಕೇ ಕೆನ್ನೆ ಹಿಡಿದುಕೊಂಡು ರಜೆ ಹಾಕಿದರು. ಆಮೇಲೆ ಹಾಳೆಗಳು ಬೈಂಡಿಂಗ್ ಕೋಣೆಗೆ ಹೋದವು. ಅಂಟಿನ ಡಬ್ಬಿ, ಸೂಜಿ, ದಾರದ ನಡುವೆ ಕೂತಿದ್ದ ನಾಲ್ವರು ಹೆಂಗಸರು ಮುಖವನ್ನು ಗೋಡೆಗೆ ತಿರುಗಿಸಿಕೊಂಡೇ ಮಡಚಿದರು, ಹೊಲಿದರು. ಅಷ್ಟೂ ಪುಸ್ತಕಗಳಲ್ಲಿ ನಡುವಿನ ಹಾಳೆಗಳೆಲ್ಲ ತಲೆಕೆಳಗು!

ಪ್ರಕಾಶಕರು ಕುಣಿದಾಡಿದರು. "ಕಣ್ಣು ಎಲ್ಲಿಟ್ಕೊಂಡಿದ್ರಿ?"

"ಹಾಳೆ ಮೇಲೆ ಇಡಲಿಲ್ಲ ಸಾರ್," ಎಂದರು ಅವರಲ್ಲಿ ಹಿರಿಯರಾದ ಅಂಟಿನಕ್ಕ. "ಕಣ್ಣು ಬಿದ್ರೆ ಓದಿದ ಹಾಗೇ. ನಾವೇನು ದುಡ್ಡು ಕೊಟ್ಟು ತಗೊಂಡಿದೀವಾ? ಮೊದಲು ಪಾರಾಗೋ ದಾರಿ ಅಚ್ಚು ಹಾಕ್ಸಿ, ಆಮೇಲೆ ಬಿಚ್ಚಿ ಹೊಲೀತೀವಿ."

"ಯಾವ ಕಾಲದಲ್ಲಿದ್ದೀರಮ್ಮ? ಅದು ಬರೀ ಶಾಯಿ!"

"ಹಾಗಾದ್ರೆ ನೀವೇ ಒಂದು ಪುಟ ಗಟ್ಟಿಯಾಗಿ ಓದಿಬಿಡಿ ಸಾರ್. ನಮಗೂ ಧೈರ್ಯ ಬರುತ್ತೆ."

ಪ್ರಕಾಶಕರು ಕನ್ನಡಕ ಏರಿಸಿದರು. ಗಂಟಲು ಸರಿಮಾಡಿಕೊಂಡರು. ಪುಟ ತಿರುಗಿಸಿದರು. ಯಾಕೋ ಮತ್ತೆ ಕನ್ನಡಕ ಒರೆಸಿದರು. ಕೊನೆಗೆ ಗುಮಾಸ್ತರ ಕಡೆ ತಿರುಗಿ, "ನನ್ನ ಹೆಸರಿಗೆ ಒಂದು ಪ್ರತಿ ಬಿಲ್ ಮಾಡ್ರೀ. ಏನಿಲ್ಲ, ಲೆಕ್ಕ ಅಂದ್ರೆ ಲೆಕ್ಕ" ಎಂದರು.

ಆ ಹೆಂಗಸರು ನಕ್ಕ ನಗೆಗೆ ಅಂಟಿನ ಡಬ್ಬಿ ಉರುಳಿತು. ಪ್ರಕಾಶಕರು ನನ್ನನ್ನು ಸರಸರನೆ ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಮುಖದಲ್ಲಿ ನಾಚಿಕೆ ಹುಡುಕಿದೆ, ಕಂಡದ್ದು ಹೊಳಪು.

"ಇವರೇ ಇಷ್ಟು ಹೆದರಿದ್ರೆ, ಓದುಗರು? ನಿನ್ನ ಅಧ್ಯಾಯ ಹಾಕೋಣಮ್ಮ."

"ಪೂರ್ತಿನಾ ಸಾರ್?"

"ಒಂದಕ್ಷರ ಬಿಡದೆ. ಆದ್ರೆ ಬೇರೆ ಪುಸ್ತಕವಾಗಿ. ಶಾಪ ಒಂದರಲ್ಲಿ, ವಿಮೋಚನೆ ಇನ್ನೊಂದರಲ್ಲಿ. ವಿಮೋಚನೆಯ ಬೆಲೆ ಮಾತ್ರ ಎರಡರಷ್ಟು. ಈ ಹೆಂಗಸರಿಗೆ ಬೇಕಾದ್ರೆ ರಿಯಾಯಿತಿ ಕೊಡೋಣ."

"ಕೊಳ್ಳೋಕೆ ಆಗದವರು?"

"ಹಲ್ಲಿನ ಡಾಕ್ಟರೂ ಬದುಕಬೇಕಲ್ಲಮ್ಮ!"

ಒಪ್ಪಿಗೆ ಪತ್ರ ಮುಂದೆ ತಳ್ಳಿದರು. ರುಜು ಹಾಕದಿದ್ದರೆ ಎರಡೂ ರದ್ದಿಗೆ ಹೋಗುತ್ತವಂತೆ, ಮೊದಲನೆಯದೂ. ಬಾಗಿಲಾಚೆ ಅಂಟಿನಕ್ಕ ಕೂಗುತ್ತಿದ್ದರು: "ಏನಾಯ್ತೇ ಹುಡುಗಿ, ದಾರಿ ಹಾಕ್ತಾರಂತಾ?"

ಕೈಯಲ್ಲಿ ಪೆನ್ನು ಹಿಡಿದು ಕೂತಿದ್ದೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?