ಪಿತೃಪಕ್ಷದ ಜಂಪರು

ನಾನು ಒಂದು ಹೊಲಿಗೆ ಯಂತ್ರ. ಕಾದು ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ನನಗೆ ಮೈ ಬಂತು. ಕಪ್ಪು ಬಣ್ಣ ಬಳಿದು, ಬೆನ್ನಿನ ಮೇಲೆ ಬಂಗಾರದ ಬಣ್ಣದ ಬಳ್ಳಿಯೊಂದನ್ನು ಬಿಡಿಸಿದರು. ಮೇಲೆ ಕೈಯಿಂದ ತಿರುಗಿಸುವ ಸಣ್ಣ ಚಕ್ರ, ಕೆಳಗೆ ಪೆಡಲಿಗೆ ಹೊಂದಿಕೊಂಡ ದೊಡ್ಡ ಚಕ್ರ, ನಡುವೆ ಚರ್ಮದ ಬೆಲ್ಟು. ಮುಖ ನೋಡಿ ಮನುಷ್ಯರನ್ನು ಗುರುತಿಸುವುದು ನನಗೆ ಬಾರದು. ಕಾಲು ನೋಡಿ ಗುರುತಿಸುತ್ತೇನೆ. ಪೆಡಲಿನ ಮೇಲಿಟ್ಟ ಕಾಲು ಸುಳ್ಳು ಹೇಳುವುದಿಲ್ಲ.

ರಾಣೇಬೆನ್ನೂರಿನ ಅಂಗಡಿಯೊಂದರಿಂದ ನನ್ನನ್ನು ಕೊಂಡವಳು ಒಬ್ಬ ತಾಯಿ. ಮಗಳು ದಾಕ್ಷಾಯಣಿಯ ಮದುವೆಗೆ ಉಡುಗೊರೆ. ದಾಕ್ಷಾಯಣಿಯ ಕಾಲು ಹಗುರ. ಅರಿಶಿನ ಇನ್ನೂ ಆರದ ಕಾಲ್ಬೆರಳುಗಳಿಂದ ಅವಳು ಪೆಡಲು ತುಳಿದರೆ ನನ್ನ ಸದ್ದು ಕುದುರೆಯ ನಡಿಗೆಯಂತೆ ಒಂದೇ ಸಮನೆ ಇರುತ್ತಿತ್ತು. ಆದರೆ ಆರು ತಿಂಗಳಲ್ಲಿ ಆ ನಡಿಗೆ ತಪ್ಪಿತು. ಓಣಿಯಲ್ಲಿ ಗಂಡ ಮಲ್ಲೇಶಿಯ ಬೈಕಿನ ಸದ್ದು ಕೇಳಿದರೆ ಅವಳ ಕಾಲು ಪೆಡಲಿನ ಮೇಲೆಯೇ ಮರಗಟ್ಟುತ್ತಿತ್ತು. ಅವನು ಚಪ್ಪಲಿ ಬಾಗಿಲಲ್ಲಿ ಬಿಟ್ಟರೆ ಆ ದಿನ ಬೈಗುಳದಲ್ಲಿ ಮುಗಿಯುತ್ತದೆ, ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದರೆ ಹೊಡೆತ ಬೀಳುತ್ತದೆ ಎಂಬುದನ್ನು ನಾನೂ ಅವಳೂ ಒಟ್ಟಿಗೆ ಕಲಿತೆವು.

ಒಂದು ದಿನ ಅವಳು ಪಕ್ಕದ ಮನೆಯ ಮಾಸ್ತರರ ಅಂಗಿಯ ಹರಿದ ಜೇಬು ಹೊಲಿಯುತ್ತಿದ್ದಳು. ಚಪ್ಪಲಿ ಕಾಲುಗಳು ಒಳಗೆ ಬಂದವು. ಯಾವ ಗಂಡಸಿನ ಎದೆಯ ಅಳತೆ ತೆಗೆದೆ ಎಂದು ಕೇಳಿದ. ಅವಳು ಜೇಬು ಅಷ್ಟೇ ಎಂದಳು. ಮಲ್ಲೇಶಿ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ತಲೆಯನ್ನು ನನ್ನ ಹಲಗೆಗೆ ಒತ್ತಿದ. ಇನ್ನೊಂದು ಕೈಯಿಂದ ಅವಳ ತೋರುಬೆರಳನ್ನು ಹಿಡಿದು ನನ್ನ ಸೂಜಿಯ ಕೆಳಗೆ ಇಟ್ಟ. ಆಮೇಲೆ ಮೊಣಕೈಯಿಂದ ನನ್ನ ಸಣ್ಣ ಚಕ್ರ ತಿರುಗಿಸಿದ. ಸೂಜಿ ಉಗುರನ್ನು ದಾಟಿ ಎಲುಬಿಗೆ ತಾಗಿ ಮುರಿಯಿತು. ಚಕ್ರ ತಿರುಗಿದರೆ ಸೂಜಿ ಇಳಿಯಲೇಬೇಕು, ನನ್ನನ್ನು ಮಾಡಿರುವುದೇ ಹಾಗೆ. ಆದರೂ ಅಂದಿನಿಂದ ನನಗೆ ನನ್ನ ಸೂಜಿಯ ಮೇಲೆ ನಂಬಿಕೆ ಹೋಯಿತು.

ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ಹೊರಟುಹೋದಳು. ಎಂಟು ದಿನ ನಾನು ಧೂಳು ಹಿಡಿದು ಕುಳಿತೆ. ಒಂಬತ್ತನೆಯ ದಿನ ಬಾಗಿಲಲ್ಲಿ ಹೊಸ ಕಾಲುಗಳು ಕಂಡವು. ಹಿಮ್ಮಡಿ ಸೀಳಿದ, ಗಟ್ಟಿಯಾಗಿ ಊರಿದ ಕಾಲುಗಳು. ಹೆಂಗಸರ ಸಹಾಯ ಕೇಂದ್ರ ನಡೆಸುವ ಜೈನಾಬಿ. ಜೊತೆಗೆ ಒಬ್ಬ ಪೊಲೀಸಿನವಳು. ತವರಿನವರು ಕೊಟ್ಟದ್ದು ಹೆಣ್ಣಿನದೇ ಸೊತ್ತು, ಅದನ್ನು ಒಯ್ಯಲು ಬಂದಿದ್ದೇವೆ ಎಂದು ಜೈನಾಬಿ ಹೇಳಿದಳು. ಮಲ್ಲೇಶಿ ಮರದ ಮಣೆ ಎತ್ತಿ ಅವಳ ಹಣೆಗೆ ಅಪ್ಪಳಿಸಿದ. ಪೊಲೀಸಿನವಳು ಅವನನ್ನು ಗೋಡೆಗೆ ಅದುಮಿ ಹಿಡಿದಳು. ಜೈನಾಬಿ ಸೆರಗಿನಿಂದ ರಕ್ತ ಒರೆಸಿಕೊಂಡಳು. ಆಟೋದವನನ್ನು ಕರೆದು, ನನ್ನ ಒಂದು ತುದಿಯನ್ನು ತಾನೇ ಎತ್ತಿದಳು. ಅವಳ ಹಣೆಯ ನಾಲ್ಕು ಹನಿ ನನ್ನ ಬಂಗಾರದ ಬಳ್ಳಿಯ ಮೇಲೆ ಬಿದ್ದು ಒಣಗಿದವು.

ಕೇಂದ್ರವಿದ್ದದ್ದು ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ. ಹೊರಗೆ ಇದ್ದ ಬೋರ್ಡು ಮಾತ್ರ ಹೊಲಿಗೆ ಅಂಗಡಿಯದು. ಹೆಂಗಸು ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ಮುಂದಿನ ಕೋಣೆಯಲ್ಲಿ ನಾನು, ಒಳಕೋಣೆಯಲ್ಲಿ ಫೋನು. ಬಂದ ಪ್ರತಿಯೊಬ್ಬಳೂ ಅಳತೆಗೆಂದು ಒಂದು ಹಳೆಯ ಜಂಪರು, ಅಂದರೆ ರವಿಕೆ, ಬಿಟ್ಟುಹೋಗಬೇಕು, ಅದು ಜೈನಾಬಿಯ ನಿಯಮ. ಅವಳಿಗೆ ಇರಲು ಸುರಕ್ಷಿತ ಜಾಗ ಸಿಕ್ಕಿದ ದಿನ ಮನೆಗೆ ಫೋನು ಹೋಗುತ್ತಿತ್ತು: ಟೇಲರ್ ಅಂಗಡಿಯಿಂದ, ನಿಮ್ಮ ಜಂಪರು ರೆಡಿ. ಅಷ್ಟೇ. ಯಾರು ಎತ್ತಿಕೊಂಡರೂ ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಜಂಪರು ತರುವ ನೆಪದಲ್ಲಿ ಅವಳು ಒಬ್ಬಳೇ ಮನೆ ಬಿಟ್ಟು ಬರಬೇಕು.

ದಾಕ್ಷಾಯಣಿ ಅಲ್ಲಿಯೇ ಉಳಿದಳು. ಮೊದಲು ಆಶ್ರಯಕ್ಕೆ ಬಂದವಳು, ಆಮೇಲೆ ಕೆಲಸಕ್ಕೆ ನಿಂತಳು. ಸೊಟ್ಟಗಾದ ಬೆರಳಿನಿಂದಲೇ ಹೊಲಿದಳು, ಅರ್ಜಿ ಬರೆದಳು, ಕೋರ್ಟಿನ ವರಾಂಡದಲ್ಲಿ ಮುರಿದ ಕೈಯ ಹೆಂಗಸರ ಪಕ್ಕ ಕುಳಿತಳು. ಸುಟ್ಟ ಬೆನ್ನಿನವರು ಬಂದರು, ಹಲ್ಲು ಉದುರಿದವರು ಬಂದರು. ಒಬ್ಬಳಂತೂ ಕತ್ತಿನ ಸುತ್ತ ಐದು ಬೆರಳಿನ ಗುರುತು ಹೊತ್ತು ಬಂದು, ಮಾತಾಡಲಾಗದೆ ನನ್ನ ಚಕ್ರವನ್ನೇ ಸವರುತ್ತ ಕುಳಿತಿದ್ದಳು.

ಸಾವಂತ್ರವ್ವ ಬಂದದ್ದು ಶ್ರಾವಣದಲ್ಲಿ. ಗಂಡ ಹನುಮಂತ ಅವಳ ಪಕ್ಕೆಲುಬನ್ನು ಎರಡು ಸಲ ಮುರಿದಿದ್ದ. ಮೂರನೆಯ ಸಲ ಬಾವಿಗೇ ಹಾಕುತ್ತೇನೆ ಎಂದು ಬಾವಿಕಟ್ಟೆಯ ತನಕ ಎಳೆದೊಯ್ದು ತೋರಿಸಿದ್ದ. ತಿಳಿನೀಲಿ ಬಣ್ಣದ ಹಳೆಯ ಜಂಪರನ್ನು ಅಳತೆಗೆ ಬಿಟ್ಟು, ಜಾಗ ಸಿಗುವ ತನಕ ಹೇಗೋ ಇರುತ್ತೇನೆ ಎಂದು ಹಿಂದಿರುಗಿದಳು. ದಾಕ್ಷಾಯಣಿ ದಿನಾ ಆ ಜಂಪರನ್ನು ನೋಡುತ್ತಿದ್ದಳು.

ಜಾಗ ಸಿಕ್ಕಿತು. ಸಂತೋಷದಲ್ಲಿ ದಾಕ್ಷಾಯಣಿ ಆಗಲೇ ಫೋನು ಮಾಡಿದಳು. ಎತ್ತಿದವಳು ಸಾವಂತ್ರವ್ವನ ಅತ್ತೆ. ದಾಕ್ಷಾಯಣಿ ಅವಸರದಲ್ಲಿ ಹೇಳಿದಳು, ಸಾವಂತ್ರವ್ವನ ಹೊಸ ಜಂಪರು ರೆಡಿ ಇದೆ ಎಂದು. ಆ ಕಡೆಯಿಂದ ಮುದುಕಿಯ ಜೋರು ದನಿ ಮುಂದಿನ ಕೋಣೆಯಲ್ಲಿದ್ದ ನನಗೂ ಕೇಳಿಸಿತು: "ಪಕ್ಷದಾಗ ಯಾವಾಕಿ ಹೊಸಾ ಜಂಪರ ಹೊಲಸ್ತಾಳವ್ವಾ?"

ಪಿತೃಪಕ್ಷ. ಸತ್ತ ಹಿರಿಯರಿಗೆ ಎಡೆ ಇಡುವ ಹದಿನೈದು ದಿನ. ಆ ದಿನಗಳಲ್ಲಿ ಆ ಮನೆಗಳಲ್ಲಿ ಹೊಸ ಬಟ್ಟೆ ಹೊಲಿಸುವುದಿಲ್ಲ. ಊರಿನ ಪ್ರತಿ ಟೇಲರಿಗೂ ಅದು ಗೊತ್ತು. ದಾಕ್ಷಾಯಣಿ ಫೋನು ಇಟ್ಟು ನೆಲದ ಮೇಲೆ ಕುಳಿತುಬಿಟ್ಟಳು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೆಟ್ಟಿಲಲ್ಲಿ ಸದ್ದಾಯಿತು. ನಾನು ಎಣಿಸಿದೆ. ಎರಡು ಜೊತೆ ಕಾಲು. ಒಂದು ದಪ್ಪ ಚರ್ಮದ ಚಪ್ಪಲಿಯದು, ಇನ್ನೊಂದು ಬರಿಗಾಲು, ಮೆಟ್ಟಿಲಿಗೆ ಬೆರಳು ತಾಗಿಸಿಕೊಂಡು ಎಳೆಸಿಕೊಂಡು ಬರುತ್ತಿತ್ತು. ಹನುಮಂತ ಒಂದು ಕೈಯಲ್ಲಿ ಹೆಂಡತಿಯ ಮುಡಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಕುಡಗೋಲಿತ್ತು.

"ತೋರಸ್ರಿ ಜಂಪರ," ಅಂದ. "ಇಲ್ಲಂದ್ರ ಇಕೀ ಕೊಳ್ಳ ಇಲ್ಲೇ ಇಳಸ್ತೀನಿ."

ದಾಕ್ಷಾಯಣಿ ನನ್ನ ಮುಂದೆ ಕುಳಿತಿದ್ದಳು. ಅವಳ ಕಾಲು ಪೆಡಲಿನ ಮೇಲೆ ಮರಗಟ್ಟಿತು, ಮಲ್ಲೇಶಿಯ ಮನೆಯಲ್ಲಿ ಮರಗಟ್ಟುತ್ತಿದ್ದ ಹಾಗೆ. ಆಮೇಲೆ ಅವಳು ಕೈ ಚಾಚಿ ಕಪಾಟಿನಿಂದ ತಿಳಿನೀಲಿ ಜಂಪರು ತೆಗೆದಳು.

"ಹೊಸಾದಲ್ರೀ ಅಣ್ಣಾರ, ಬಾಯಿತಪ್ಪಿ ಅಂದೆ. ಹಳೇದ ಇದು. ಕಂಕಳಾಗ ಬಿಗಿ ಆಗೇತಿ ಅಂದಿದ್ರು, ಬಿಚ್ಚಿ ಸಡ್ಲ ಮಾಡಾಕತ್ತೀನಿ. ಹತ್ತು ನಿಮಿಷ ಕುಂದರ್ರಿ."

ಹನುಮಂತ ಜಂಪರು ನೋಡಿದ. ಹೆಂಡತಿಯದೇ. ಮುಡಿ ಬಿಟ್ಟ, ಆದರೆ ಕೂರಲಿಲ್ಲ. ದಾಕ್ಷಾಯಣಿ ಕಂಕುಳ ಹೊಲಿಗೆ ಬಿಚ್ಚಿದಳು. ಒಳಕೋಣೆಯಲ್ಲಿ ಜೈನಾಬಿ ಪಿಸುದನಿಯಲ್ಲಿ ಪೊಲೀಸರಿಗೆ ವಿಳಾಸ ಹೇಳುತ್ತಿರುವುದು ನನಗೆ ಕೇಳಿಸಿತು. ಅವರು ಬರುವ ತನಕ ಈ ಹೊಲಿಗೆ ಮುಗಿಯಬಾರದು. ಆಗ ನಾನು ನನ್ನ ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. ದಾರ ಕಡಿದೆ. ಅವಳು ದಾರ ಏರಿಸಿದಳು. ಮತ್ತೆ ಕಡಿದೆ. ಮೂರನೆಯ ಸಲ ಅಡಿದಾರದ ಬಾಬಿನ್ನಿನಲ್ಲಿ ಗಂಟು ಹಾಕಿಕೊಂಡೆ. ಹಳೇ ಮಷೀನ್ರೀ, ಮುದುಕೀಗತೆ ಹಟ ಮಾಡ್ತತಿ ಎಂದಳು ದಾಕ್ಷಾಯಣಿ, ನಗುವ ದನಿಯಲ್ಲಿ. ಪೆಡಲಿನ ಮೇಲೆ ಅವಳ ಹಿಮ್ಮಡಿ ಬೆವರಿನಿಂದ ಜಾರುತ್ತಿತ್ತು.

ಅಷ್ಟರಲ್ಲಿ ಕೆಳಗೆ ಜೀಪು ನಿಂತ ಸದ್ದು. ಹನುಮಂತನಿಗೆ ಅರ್ಥವಾಯಿತು. ಕುಡಗೋಲು ಮೇಲೆದ್ದಿತು. ದಾಕ್ಷಾಯಣಿ ಸಾವಂತ್ರವ್ವನನ್ನು ಸೆಳೆದು ನನ್ನ ಹಲಗೆಯ ಕೆಳಗೆ ನೂಕಿದಳು. ಮೊದಲ ಏಟು ದಾಕ್ಷಾಯಣಿಯ ಭುಜವನ್ನು ಸೀಳಿತು. ಅವಳೂ ಕೆಳಗೆ ಕುಸಿದಳು. ಎರಡನೆಯ ಏಟು ಅವಳ ಕತ್ತಿಗೆ ಬೀಸಿದ್ದು ನನಗೆ ಬಿತ್ತು. ನನ್ನ ಸಣ್ಣ ಚಕ್ರ ಎರಡು ಹೋಳಾಯಿತು. ಮೂರನೆಯ ಏಟಿಗೆ ನನ್ನ ಕತ್ತು ಬಿರಿಯಿತು. ಕುಡಗೋಲು ಆ ಬಿರುಕಿನಲ್ಲಿ ಸಿಕ್ಕಿಕೊಂಡಿತು. ನಾನು ಬಿಡಲಿಲ್ಲ. ಅವನು ಎಳೆಯುತ್ತಿದ್ದಂತೆ ಜೈನಾಬಿ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮಣಿಕಟ್ಟಿನ ಮೇಲೆ ಹಾಕಿದಳು. ಎಲುಬು ಮುರಿದ ಸದ್ದು ಕೇಳಿಸಿತು. ಬೂಟುಗಾಲುಗಳು ಒಳಗೆ ನುಗ್ಗಿದವು.

ಆಸ್ಪತ್ರೆಯಿಂದ ಬಂದ ದಾಕ್ಷಾಯಣಿ ಎಷ್ಟೋ ದಿನ ಒಂದೇ ಮಾತು ಆಡುತ್ತಿದ್ದಳು, ಹೊಸಾ ಅನ್ನುವ ಒಂದು ಶಬ್ದದಿಂದ ಒಬ್ಬಳನ್ನು ಕೊಲ್ಲುತ್ತಿದ್ದೆ ಎಂದು. ಜೈನಾಬಿ ಕೊನೆಗೆ ಗದರಿಕೊಂಡಳು.

"ಏ ಹುಚ್ಚಿ, ಕುಡಗೋಲು ನೀ ಹಿಡದಿದ್ಯೇನ? ಹಿಡದಾವ ಅವ. ನಾವು ಕಲಿಯೂದೈತಿ, ಕಲಿಯೂಣು. ಅವನ ಪಾಪ ನೀ ಹೊರಬ್ಯಾಡ."

ಆ ಮಾತನ್ನು ನಾನೂ ನನ್ನ ಪಾಲಿಗೆ ಇಟ್ಟುಕೊಂಡೆ. ಅಂದು ನನ್ನ ಚಕ್ರವನ್ನು ತಿರುಗಿಸಿದವನು ಮಲ್ಲೇಶಿ.

ಈಗ ಫೋನಿನ ಪಕ್ಕ ಗೋಡೆಯ ಮೇಲೆ ಪಂಚಾಂಗವಿದೆ. ಪಕ್ಷ, ಅಮಾವಾಸ್ಯೆ, ಮೊಹರಮ್ ಎಲ್ಲವನ್ನೂ ನೋಡಿಯೇ ಫೋನು ಮಾಡುತ್ತಾರೆ. ಬೋರ್ಡು ಬದಲಾಗಿದೆ, ಓಣಿಯೂ ಬದಲಾಗಿದೆ. ಹೊಲಿಯಲು ಹೊಸ ಯಂತ್ರ ಬಂದಿದೆ. ನನ್ನನ್ನು ಗುಜರಿಗೆ ಹಾಕೋಣ ಎಂದವರಿಗೆ ಬೇಡ ಎಂದವಳು ಸಾವಂತ್ರವ್ವ. ಹೊಲಿಗೆ ಕಲಿಯುವವರು ಮೊದಲು ದಾರವಿಲ್ಲದೆ ಪೆಡಲು ತುಳಿದು ಕಾಲು ಪಳಗಿಸಿಕೊಳ್ಳಬೇಕು. ಅದಕ್ಕೆ ನನ್ನ ಕೆಳಗಿನ ದೊಡ್ಡ ಚಕ್ರ ಸಾಕು. ಅವಳೇ ಮೊದಲು ಕುಳಿತಳು. ಈಗ ಬರುವವರನ್ನೆಲ್ಲ ಅವಳೇ ಕೂರಿಸುತ್ತಾಳೆ. ಮೊದಲ ದಿನ ಎಲ್ಲರ ಕಾಲೂ ನಡುಗುತ್ತದೆ. ಒಂದು ವಾರದಲ್ಲಿ ನಡಿಗೆ ಹಿಡಿಯುತ್ತದೆ.

ನಿನ್ನೆ ದಾಕ್ಷಾಯಣಿ ಪಂಚಾಂಗ ನೋಡಿ ಯಾರಿಗೋ ಫೋನು ಮಾಡಿದಳು. ಜಂಪರು ರೆಡಿ. ಇಂದು ಮಧ್ಯಾಹ್ನ ಮೆಟ್ಟಿಲಲ್ಲಿ ಸದ್ದಾಯಿತು. ಮೂವರೂ ಕೆಲಸ ನಿಲ್ಲಿಸಿ ಕಿವಿಗೊಟ್ಟರು. ಮೂಲೆಯಲ್ಲಿ ನಾನು ಎಣಿಸಿದೆ.

ಒಂದೇ ಜೊತೆ ಕಾಲು.