ಹೆಸರಿಲ್ಲದ ಗೋರಿ

ದ್ವೀಪರಾಷ್ಟ್ರದ ರಾಜಧಾನಿ ಹೊನಿಯಾರಾದ ಗುಡ್ಡದ ಮೇಲೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಒಬ್ಬಿಬ್ಬರಲ್ಲ. ಒಂದು ದಿನ ಹಿಲ್ಡಾಳ ಮನೆ ಬಾಗಿಲಿಗೂ ನೋಟೀಸು ಬಂತು. ಜಾಗ ಖಾಲಿ ಮಾಡಿ, ಇಲ್ಲವೇ ಗಡುವಿನೊಳಗೆ ಉತ್ತರ ಕೊಡಿ. ಗಂಡ ಫಿಯು ಅದನ್ನು ಕಿತ್ತು ಒಲೆಗೆ ಹಾಕಲು ಹೋದ. ಹಿಲ್ಡಾ ಕಸಿದುಕೊಂಡಳು.

"ಅದನ್ನಿಟ್ಕೊಂಡು ಏನ್ಮಾಡ್ತೀಯೇ? ನಮ್ಮ ಮಲೈತಾ ದ್ವೀಪದಲ್ಲಿ ಯಾರ ಹಿರಿಯರ ಗೋರಿ ಇದ್ಯೋ ಅವರದ್ದೇ ಜಾಗ. ಗೋರಿ ಮೇಲೆ ಬುಲ್ಡೋಜರ್ ಹತ್ತಿಸೋ ಧೈರ್ಯ ಯಾವನಿಗಿದೆ?"

"ನಮ್ಮ ಹಿರಿಯರೆಲ್ಲ ಸಮುದ್ರದಾಚೆ ಮಲಗಿದಾರಲ್ರೀ!"

"ಅದು ಜಡ್ಜ್‌ಗೆ ಗೊತ್ತಾ?"

ಸಂಜೆಯೇ ಫಿಯು ಅಂಗಳದ ದೀವಿಹಲಸಿನ ಮರದ ಬುಡದಲ್ಲಿ ಗುಂಡಿ ತೋಡಿ, ಅದೇ ಮಣ್ಣನ್ನು ಮತ್ತೆ ತುಂಬಿ ದಿಬ್ಬ ಮಾಡಿದ. ಮೇಲೊಂದು ಶಿಲುಬೆ ನೆಟ್ಟ. ಹೆಸರು ಮಾತ್ರ ಬರೆಯಲಿಲ್ಲ. ಯಾರದೆಂದು ಬರೆದಾನು?

ಬೆಳಗ್ಗೆ ನೋಡಿದರೆ ದಿಬ್ಬ ಕುಸಿದಿತ್ತು. ಹೆಣವಿದ್ದ ಗೋರಿ ಕುಸಿಯುತ್ತದೆ, ಸರಿ. ಏನೂ ಇಲ್ಲದ್ದು ಯಾಕೆ ಕುಸಿಯಬೇಕು? ಫಿಯು ಮತ್ತೆ ಮಣ್ಣು ಸುರಿದ. ಮತ್ತೆ ಕುಸಿಯಿತು. ಮನೆಯ ನಾಯಿ ಆ ಕಡೆ ಸುಳಿಯುವುದನ್ನೇ ಬಿಟ್ಟಿತು.

ಆಮೇಲೆ ಫಿಯುವಿನ ತಾಯಿಯ ಸರದಿ. ಮೊದಮೊದಲು ಬೇಯಿಸಿದ ಗೆಣಸಿನ ತುಂಡೊಂದನ್ನು ಅಲ್ಲಿಟ್ಟು ಬರುತ್ತಿದ್ದಳು. ಬರಬರುತ್ತಾ ಮುಸ್ಸಂಜೆಗೆ ಚಾಪೆ ಹಿಡಿದು ಹೋಗಿ ದಿಬ್ಬದ ಪಕ್ಕವೇ ಕೂರತೊಡಗಿದಳು.

"ಅತ್ತೆ, ಅಲ್ಲಿ ಯಾರೂ ಇಲ್ಲ. ಒಳಗೆ ಬನ್ನಿ."

"ಯಾರೂ ಇಲ್ಲ ಅಂತಲೇ ಕರೀತಿದೆ ಕಣಮ್ಮ," ಮುದುಕಿ ನಕ್ಕಳು. "ಹೆಸರು ಕೇಳ್ತು. ನಂದು ಹೇಳಿಬಿಟ್ಟೆ."

ಅತ್ತೆ ಅಂದಿನಿಂದ ಊಟವನ್ನೇ ಬಿಟ್ಟಳು. ಮನೆ ಉಳಿಸಲು ಹೋಗಿ ಮನೆಯವಳನ್ನೇ ಕಳೆದುಕೊಳ್ಳುವುದೇ? ನೋಟೀಸು ಹಿಡಿದು ಹಿಲ್ಡಾ ಚರ್ಚಿನ ಗೆಳತಿ ನೆಸ್ತಾಳ ಬಳಿ ಓಡಿದಳು. ನೆಸ್ತಾ ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಕೆಲಸ ಮಾಡುವವಳು. ಆ ಸಂಜೆಯೇ ಮನೆಗೆ ಬಂದಳು.

"ಭಾವ, ಸತ್ತಿದ್ದು ಯಾರು?"

ಫಿಯು ತಲೆ ಕೆರೆದುಕೊಂಡ.

"ನನಗೇ ಹೇಳಕ್ಕಾಗಲ್ಲ, ಕೋರ್ಟಲ್ಲಿ ಏನು ಹೇಳ್ತೀರಿ? ಗೋರಿ ಸುಳ್ಳು ಅಂತಾದ್ಮೇಲೆ ನಿಮ್ಮ ನಿಜಾನೂ ಯಾರೂ ನಂಬಲ್ಲ. ಈ ಮರ ನೀವೇ ನೆಟ್ಟಿದ್ದು. ಮಕ್ಕಳು ಹುಟ್ಟಿದ್ದು ಇಲ್ಲೇ. ಸರ್ಕಾರದ ತಾತ್ಕಾಲಿಕ ಪರವಾನಗಿ ಇತ್ತು, ನವೀಕರಿಸಲಿಲ್ಲ. ಇದ್ದದ್ದನ್ನ ಇದ್ದಹಾಗೆ ಬರೆಯೋಣ."

"ಬರೆದ್ರೆ ಜಾಗ ನಮ್ಮದಾಗತ್ತಾ?"

"ಆಗತ್ತೆ ಅಂತ ನಾನು ಹೇಳಲ್ಲ. ಕಾಲಾವಕಾಶ ಕೇಳಬಹುದು, ಬದಲಿ ಜಾಗ ಕೇಳಬಹುದು. ಗಡುವು ದಾಟಿದ್ರೆ ಕೇಳೋಕೆ ಬಾಯೇ ಇರಲ್ಲ."

"ನೀವು ಕಚೇರಿಯವರೆಲ್ಲ ಒಂದೇ..." ಎನ್ನುತ್ತಾ ಕಿಟಕಿಯತ್ತ ತಿರುಗಿದ ಫಿಯು ಅಲ್ಲೇ ನಿಂತುಬಿಟ್ಟ. ಹೊರಗೆ ದಿಬ್ಬದ ಮೇಲೆ ಅವನ ತಾಯಿ ಅಂಗಾತ ಮಲಗಿದ್ದಳು. ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡಿದ್ದಳು, ಹೆಣಕ್ಕೆ ಜೋಡಿಸುವ ಹಾಗೆ.

ಓಡಿಹೋಗಿ ಎತ್ತಿಕೊಂಡ. "ಅಮ್ಮಾ, ಏಳು! ಅದು ನಿಂದಲ್ಲ!" ಅವಳ ಮೈ ತಣ್ಣಗಿತ್ತು, ಉಸಿರಿತ್ತು. ಅವಳನ್ನು ಹಿಲ್ಡಾಳ ಕೈಗೊಪ್ಪಿಸಿ, ಶಿಲುಬೆ ಕಿತ್ತು, ಹುಚ್ಚು ಹಿಡಿದವನಂತೆ ಮಣ್ಣು ಬಗೆದ. ಒಳಗೊಂದು ಟೊಳ್ಳು. ಅವನು ತೋಡಿದ್ದು ಆಳುದ್ದದ ಗುಂಡಿ. ಈ ಟೊಳ್ಳು ಗಿಡ್ಡದ್ದು, ಸರಿಯಾಗಿ ಅವನ ತಾಯಿಯ ಅಳತೆಯದು.

"ಇಲ್ಲಿ ಯಾರೂ ಸತ್ತಿಲ್ಲ!" ಫಿಯು ಗುಂಡಿಯೊಳಕ್ಕೆ ಕೂಗಿದ. "ಸುಳ್ಳು ಹೇಳಿದ್ದು ನಾನು!"

ಆಮೇಲೆ ಮುಚ್ಚಿದ ಮಣ್ಣು ಕುಸಿಯಲಿಲ್ಲ. ಮುದುಕಿ ಬೆಳಗ್ಗೆ ಎದ್ದು ಸುಟ್ಟ ಮೀನು ಕೇಳಿದಳು. ಉತ್ತರ ಗಡುವಿನೊಳಗೇ ಹೋಯಿತು, ಫಿಯು ತಾನೇ ಸಹಿ ಹಾಕಿದ. ವಿಚಾರಣೆ ಮುಗಿಯುವವರೆಗೆ ಮನೆ ಮುಟ್ಟಬಾರದೆಂದು ಕೋರ್ಟು ಹೇಳಿದೆ. ಬದಲಿ ಜಾಗದ ಮಾತೂ ನಡೆದಿದೆ.

ನಿಮ್ಮ ಬಾಗಿಲಿಗೂ ನೋಟೀಸು ಬಂದಿದೆಯೇ? ಸುಡಬೇಡಿ, ಬಚ್ಚಿಡಬೇಡಿ. ಗಡುವು ನೋಡಿ, ಇವತ್ತೇ ಕಾನೂನು ನೆರವಿನವರ ಬಳಿ ಹೋಗಿ, ಇದ್ದದ್ದನ್ನು ಹೇಳಿ. ಸುಳ್ಳಿಗೆ ಮಾತ್ರ ಗುಂಡಿ ತೋಡಬೇಡಿ. ಅದು ನಿಮ್ಮ ಮನೆಯವರದೇ ಹೆಸರು ಕೇಳೀತು.