ಪರ್ತಿನ ಏಳನೆಯವನು

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಕನ್ನಡದವರು ವರ್ಷಕ್ಕೊಮ್ಮೆ ಸೇರಿ ಕಬಡ್ಡಿ ಆಡಲೇಬೇಕೆಂದು ಹಟ ಹಿಡಿದು ಪಂದ್ಯಾವಳಿ ಶುರು ಮಾಡಿಸಿದವರು ಪರ್ತಿನ ಈಶ್ವರಪ್ಪ. ಪಾಪ, ಅದಕ್ಕೆ ಹುಟ್ಟಿದಾಗಿನಿಂದ ಬಾಲಗ್ರಹ. ಮೊದಲನೇ ವರ್ಷ, 2012ರಲ್ಲಿ, ಫೈನಲ್ ಜಗಳಕ್ಕೆ ತಿರುಗಿ ಅರ್ಧಕ್ಕೇ ನಿಂತಿತು. ಕಪ್ಪು ಯಾರಿಗೂ ಸಿಗದೆ ಕ್ಯಾನಿಂಗ್ ವೇಲ್‌ನಲ್ಲಿ ಈಶ್ವರಪ್ಪನವರ ಗ್ಯಾರೇಜು ಸೇರಿತು. ಎರಡನೇ ವರ್ಷ ಅಡಿಲೇಡಿನಿಂದ ಬಂದವರು ಐದೇ ಜನ. ರೇಗಿಹೋದ ಈಶ್ವರಪ್ಪ ತಾವೇ ಒಂದು ಕಾನೂನು ಮಾಡಿದರು: ಇನ್ನು ಮುಂದೆ ಏಳು ಜನರನ್ನು ಇಳಿಸಲಾಗದ ಊರು ಪಂದ್ಯಾವಳಿಯಿಂದ ಹೊರಗೆ. ಎಂಬತ್ತೈದು ಕಿಲೋ ಮೀರಿದವನು ಆಡಬಾರದೆಂಬುದು ಮೊದಲಿನಿಂದಲೂ ಇತ್ತು, ಅದೂ ಅವರದೇ. ಮೂರು ಊರಲ್ಲಿ ಒಂದು ಕಳಚಿಕೊಂಡರೆ ಪಂದ್ಯಾವಳಿಯೇ ಮುಗಿಯಿತೆಂದು ಎಲ್ಲರಿಗೂ ಗೊತ್ತಿತ್ತು.

ಮೂರನೇ ವರ್ಷ ಆಟ ಅಡಿಲೇಡಿನಲ್ಲಿ. ಪರ್ತಿನಿಂದ ಹೊರಟವರು ಲೆಕ್ಕಕ್ಕೆ ಸರಿಯಾಗಿ ಏಳು ಹುಡುಗರು, ಜೊತೆಗೆ ಈಶ್ವರಪ್ಪ. ಮೋರ್ಲಿಯ ಅಂಗಡಿಯೊಂದರಲ್ಲಿ ಪಾರ್ಟ್‌ಟೈಮ್ ದುಡಿದು ಓದುತ್ತಿದ್ದ ಶಶಾಂಕನೇ ತಂಡದ ದೊಡ್ಡ ರೈಡರ್. ಅವನ ತೂಕ ಎಂಬತ್ತೈದರ ಅಂಚಿನಲ್ಲಿತ್ತು. ಉಳಿದುಕೊಂಡದ್ದು ಅಡಿಲೇಡಿನ ಶಾರದಾ ಎಂಬ ಮಹಾತಾಯಿಯ ಮನೆಯಲ್ಲಿ. ಪಂದ್ಯದ ದಿನ ಬೆಳಿಗ್ಗೆ ಆಕೆ ತುಪ್ಪ ಸುರಿದ ಹೋಳಿಗೆ ಹಿಡಿದು ಬಂದು ನಿಂತರು.

"ಸಾಕು ಆಂಟಿ, ವೇಟ್ ನೋಡ್ತಾರೆ," ಎಂದ ಶಶಾಂಕ್.

"ಇನ್ನೆರಡು ಹಾಕಿಸ್ಕೊಳ್ಳೋ," ಎಂದು ಗದರಿದವರು ಈಶ್ವರಪ್ಪನವರೇ. "ನಮಗೋಸ್ಕರ ಎದ್ದು ಮಾಡಿದಾರೆ. ಬೇಡ ಅಂದ್ರೆ ಬೇಜಾರ್ ಮಾಡ್ಕೋತಾರೆ."

ಮೈದಾನದಲ್ಲಿದ್ದ ತೂಕದ ಯಂತ್ರ ಯಾರ ಬೇಜಾರನ್ನೂ ನೋಡಲಿಲ್ಲ. ಶಶಾಂಕ್ ಅರ್ಧ ಕಿಲೋ ಹೆಚ್ಚಿದ್ದ. ಒಂದರ ಮೇಲೊಂದು ಜಾಕೆಟ್ ತೊಡಿಸಿ ಓಡಿಸಿದರು. ಬೆವರು ಸುರಿಸಿ, ವಾಂತಿ ಮಾಡಿಕೊಂಡು ಬಂದರೂ ತೂಕ ಸಾಲುವಷ್ಟು ಇಳಿಯಲಿಲ್ಲ. ತಾನು ಹುಟ್ಟಿಸಿದ್ದನ್ನು ತಾನೇ ಕೊಂದೆ ಎನಿಸಿತು ಈಶ್ವರಪ್ಪನವರಿಗೆ. ಮೊದಲ ಪಂದ್ಯ ಬ್ರಿಸ್ಬೇನಿನ ಮೇಲೆ. ಯಾರೆದುರೂ ಬಗ್ಗದ ಮನುಷ್ಯ ಅವರ ಕ್ಯಾಪ್ಟನ್ ಉತ್ತಮನ ಮುಂದೆ ಹೋಗಿ, ಅರ್ಧ ಕಿಲೋ ಬಿಟ್ಟುಬಿಡಪ್ಪ ಎಂದು ಕೈಮುಗಿದರು.

"ಅಂಕಲ್, ಹೋದ್ವರ್ಷ ನಮ್ಮ ಚಾಮರಾಜನ್ನ ಇಷ್ಟೇ ತೂಕಕ್ಕೆ ನೀವೇ ಆಚೆ ಕೂರಿಸಿದ್ರಿ. ಅವನು ಆಮೇಲೆ ಆಡೋಕೇ ಬರ್ಲಿಲ್ಲ," ಎಂದ ಉತ್ತಮ್. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಇವರಿಗೆ ಹೆಚ್ಚು ನಾಟಿತು.

ಈಶ್ವರಪ್ಪ ವಾಪಸು ಬಂದು ಷೂ ಬಿಚ್ಚಿದರು. ವಯಸ್ಸು ಐವತ್ತು ದಾಟಿತ್ತು, ಬಲಮಂಡಿಗೆ ಆಪರೇಷನ್ ಆಗಿತ್ತು. "ಏಳನೆಯವನು ನಾನು," ಎಂದು ಹೇಳಿ ಯಂತ್ರ ಹತ್ತಿ ಇಳಿದರು. ಪರ್ತ್ ಸದ್ಯಕ್ಕೆ ಉಳಿಯಿತು.

ಆದರೆ ಆಟ ಶುರುವಾದ ಮೇಲೆ ಬೇರೆಯೇ ಕಷ್ಟ. ಬ್ರಿಸ್ಬೇನಿನವರು ಪರ್ತಿನ ಹುಡುಗರನ್ನು ಒಬ್ಬೊಬ್ಬರಾಗಿ ಔಟ್ ಮಾಡಿದರು, ಈಶ್ವರಪ್ಪನವರನ್ನು ಮಾತ್ರ ಮುಟ್ಟಲಿಲ್ಲ. ಇವರಿದ್ದ ಮೂಲೆಗೆ ಬಂದವನು ಮೆತ್ತಗೆ ಪಕ್ಕಕ್ಕೆ ಸರಿದುಬಿಡುತ್ತಿದ್ದ. ಈಶ್ವರಪ್ಪನವರಿಗೆ ಮೈಯೆಲ್ಲ ಉರಿಯಿತು. ಕೊನೆಗೆ ಅವರೊಬ್ಬರೇ ಉಳಿದು, ರೈಡಿಗೆ ಅವರೇ ಹೋಗಬೇಕಾಯಿತು.

"ಕಬಡ್ಡಿ, ಕಬಡ್ಡಿ" ಎನ್ನುತ್ತ ಕುಂಟಿಕೊಂಡೇ ಗೆರೆ ದಾಟಿದರು. ಒಬ್ಬನ ಭುಜ ಮುಟ್ಟಿದರು, ಇನ್ನೊಬ್ಬನ ಕೈ ಮುಟ್ಟಿದರು. ಯಾರೂ ಹಿಡಿಯಲಿಲ್ಲ, ಮದುವೆಮನೆಯಲ್ಲಿ ಹಿರಿಯರಿಗೆ ದಾರಿ ಬಿಟ್ಟ ಹಾಗೆ ಸರಿದು ನಿಂತರು. ಹಾಗೇ ವಾಪಸು ಹೋಗಿದ್ದರೆ ಅಂಕ ಇವರದು. ಆದರೆ ವಯಸ್ಸಾದವರೆಂದು ಬಿಟ್ಟುಕೊಟ್ಟ ಆಟವಾದರೆ ಈ ಕಪ್ಪನ್ನು ನಾಳೆ ಯಾರು ಬೇಕೆನ್ನುತ್ತಾರೆ? ಮುಂದಿನ ವರ್ಷ ಇದಕ್ಕಾಗಿ ಯಾರು ವಿಮಾನ ಹತ್ತುತ್ತಾರೆ? ಬಾಯಿಬಿಟ್ಟು ಬೈಯೋಣವೆಂದರೆ ಕಬಡ್ಡಿ ನಿಲ್ಲಿಸುವಂತಿಲ್ಲ.

ಅವರು ಹಿಂದಿರುಗಲಿಲ್ಲ. ಉತ್ತಮನ ಎದುರು ಹೋಗಿ ನಿಂತು ಅವನ ಎದೆಗೆ ಕೈಯಿಟ್ಟು ತಳ್ಳಿದರು. ಅವನು ಸರಿದ. ಅವನ ಹಿಂದೆಯೇ ಹೋಗಿ ಮತ್ತೆ ತಳ್ಳಿದರು. ಉಸಿರು ಸಣ್ಣದಾಗುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಬಾಯಲ್ಲಿ ಕಬಡ್ಡಿ ತೊದಲುತ್ತಿತ್ತು.

ಉತ್ತಮ್ ಅವರ ಮುಖವನ್ನೇ ನೋಡಿದ. ಆಮೇಲೆ ತಟ್ಟನೆ ಬಗ್ಗಿ ಅವರ ಎಡಗಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನೆಲಕ್ಕೆ ಕೆಡವಿದ. ಮಿಕ್ಕ ಆರೂ ಜನ ಅವರ ಮೇಲೆ ಬಿದ್ದರು.